‘ಅವ್ವ ಮನ್ಯಾಗಿಲ್ಲ’ ಅನ್ನೋ ಮೊದಲ ಪಾಠ



“ಅವ್ವ ಮನ್ಯಾಗಿಲ್ಲಂತ ಹೇಳು.”

ಈ ಮಾತು ಕೇಳದೇ ಬೆಳೆದ ಮಕ್ಕಳು ಹಾವೇರಿ ಜಿಲ್ಲೆಯ ಹಳ್ಳಿಗಳಲ್ಲಿ ಎಷ್ಟು ಜನ ಇದ್ದಾರೆ, ಒಮ್ಮೆ ಯೋಚನೆ ಮಾಡಿ. ಹೊರಗೆ ಬೈಕ್ ಬಂದು ನಿಂತ ಸದ್ದು. ಒಳಗೆ ಅವ್ವ ಅಡುಗೆಮನೆಯ ಮೂಲೆಗೆ ಸರಿದು ಕೂತಿದ್ದಾಳೆ. ಬಾಗಿಲಿಗೆ ಹೋಗೋದು ಏಳನೇ ತರಗತಿಯ ಮಗಳು. ಕಂತಿನವನ ಮುಖ ನೋಡಿ ಆಕೆ ಒಂದು ಸುಳ್ಳು ಹೇಳ್ತಾಳೆ. ಹಣದ ಬಗ್ಗೆ ನಮ್ಮ ಮನೆ ಆ ಮಗುವಿಗೆ ಕಲಿಸಿದ ಮೊದಲ ಪಾಠ ಅದು. ಸಾಲ ಅಂದರೆ ಅಡಗಿಕೊಳ್ಳೋದು, ಸಾಲ ಅಂದರೆ ಸುಳ್ಳು ಹೇಳೋದು.

ಇವತ್ತು ನಾನು ಮಾತಾಡಬೇಕು ಅಂದುಕೊಂಡಿರೋದು ಈ ಮಗುವಿನ ಬಗ್ಗೆ.

ಕರ್ಜಗಿ ಅಂತ ಒಂದು ಊರಿದೆ, ಹಾವೇರಿ ತಾಲ್ಲೂಕಿನಲ್ಲಿ. ದಾಸಸಾಹಿತ್ಯ ಬಲ್ಲವರಿಗೆ ಅದು ಶ್ರೀದವಿಠಲ ಅಂಕಿತದ ದಾಸರ ಊರು. ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಬರೋರಿಗೆ ಹಾವೇರಿಗಿಂತ ಮೊದಲು ಸಿಗೋ ಸ್ಟೇಷನ್. ಬ್ರಿಟಿಷರ ಕಾಲದಲ್ಲಿ ಧಾರವಾಡ ಜಿಲ್ಲೆಯ ಒಂದು ತಾಲ್ಲೂಕಿಗೇ ಈ ಊರಿನ ಹೆಸರಿತ್ತು. ಸುತ್ತ ಗೋವಿನಜೋಳ, ಹತ್ತಿ, ಮೆಣಸಿನಕಾಯಿ. ಹತ್ತಿರದಲ್ಲೇ ವರದಾ ನದಿ. ಬಿತ್ತನೆಗೆ ದುಡ್ಡು ಬೇಕು, ಗೊಬ್ಬರಕ್ಕೆ ದುಡ್ಡು ಬೇಕು, ಆದರೆ ಬೆಳೆ ಬರೋ ತನಕ ಕೈಗೆ ದುಡ್ಡು ಬರಲ್ಲ. ಹಾಗಾಗಿ ಕರ್ಜಗಿಯಂಥ ಊರಲ್ಲಿ ಸಾಲ ಅನ್ನೋದು ಹೊಸ ವಿಷಯ ಅಲ್ಲ. ಮಳೆಯಷ್ಟೇ ಹಳೆಯದು.

ಹೊಸದಾಗಿ ಬಂದಿದ್ದು ಏನು ಗೊತ್ತಾ? ಸಾಲದ ವೇಗ. ಹಿಂದೆ ಸಾಲ ಬೇಕು ಅಂದರೆ ಸೊಸೈಟಿಗೋ, ದಲಾಲಿ ಅಂಗಡಿಗೋ, ಊರ ಸಾಹುಕಾರನ ಮನೆಗೋ ನಾವು ಹೋಗಬೇಕಿತ್ತು. ಈಗ ಸಾಲವೇ ಮನೆ ಬಾಗಿಲಿಗೆ ಬರುತ್ತೆ, ಮೊಬೈಲ್ ಒಳಗೂ ಬರುತ್ತೆ. ಒಂದು ಮನೆಯಲ್ಲಿ ಮೂರು ನಾಲ್ಕು ಕಂಪನಿಯ ಕಂತಿನ ಕಾರ್ಡು. ಒಂದರ ಕಂತು ಕಟ್ಟೋಕೆ ಇನ್ನೊಂದರಲ್ಲಿ ಸಾಲ.

ಇದು ಎಲ್ಲಿಗೆ ಮುಟ್ಟಿತು ಅನ್ನೋದು ನಿಮಗೆ ನೆನಪಿದೆ. 2025ರ ಜನವರಿಯಲ್ಲಿ ಇದೇ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ತಮ್ಮ ಮಾಂಗಲ್ಯವನ್ನ ಅಂಚೆಯಲ್ಲಿ ಮುಖ್ಯಮಂತ್ರಿಗೆ ಕಳಿಸಿದರು. ನಮ್ಮನ್ನ ಉಳಿಸಿ ಅಂತ. ಫೆಬ್ರವರಿ 12ರಂದು ರಾಜ್ಯ ಸರ್ಕಾರದ ಸುಗ್ರೀವಾಜ್ಞೆ ಬಂತು. ಕಿರುಸಾಲ ವಸೂಲಿಯಲ್ಲಿ ಬಲವಂತ ಮಾಡಿದರೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಟಿವಿಯಲ್ಲಿ ನಾವೂ ದಿನಗಟ್ಟಲೆ ಚರ್ಚೆ ಮಾಡಿದೆವು. ಕಂಪನಿ ಬಗ್ಗೆ, ಸರ್ಕಾರದ ಬಗ್ಗೆ, ಸಾಲ ಮಾಡಿದ ತಾಯಂದಿರ ಬಗ್ಗೆ. ಆ ಮನೆಗಳಲ್ಲಿ ಬಾಗಿಲಿಗೆ ಹೋಗಿ ನಿಲ್ಲೋ ಮಗುವಿನ ಬಗ್ಗೆ ಎಷ್ಟು ಮಾತಾಡಿದೆವು?

ಮಕ್ಕಳಿಗೂ ಸಾಲಕ್ಕೂ ಏನು ಸಂಬಂಧ ಅಂತ ಕೇಳಬಹುದು. ಮನೆಗೆ ಹೋಗಿ ನೋಡಿ. ಅವ್ವನಿಗೆ ಓದೋಕೆ ಕಷ್ಟ. ಬ್ಯಾಂಕಿನ ಮೆಸೇಜ್ ಇಂಗ್ಲಿಷ್‌ನಲ್ಲಿದೆ. ಓದಿ ಹೇಳೋರು ಯಾರು? ಎಂಟನೇ ತರಗತಿ ಮಗ. ಓಟಿಪಿ ಬಂತು, ಹೇಳೋರು ಯಾರು? ಅವನೇ. ಆ್ಯಪ್‌ನಲ್ಲಿ ಕೆಳಗೆ ಸಣ್ಣ ಅಕ್ಷರದಲ್ಲಿ ‘ನಾನು ಒಪ್ಪಿದ್ದೇನೆ’ ಅಂತ ಇರುತ್ತಲ್ಲ, ಅದನ್ನ ಒತ್ತಿದ್ದು ಯಾರ ಬೆರಳು? ಎಷ್ಟೋ ಮನೆಗಳಲ್ಲಿ ಸಾಲ ಅವ್ವನ ಹೆಸರಲ್ಲಿ, ಒಪ್ಪಿಗೆ ಮಗುವಿನ ಬೆರಳಲ್ಲಿ. ಮಕ್ಕಳನ್ನ ಸಾಲದಿಂದ ದೂರ ಇಟ್ಟಿದ್ದೇವೆ ಅನ್ನೋದು ನಮ್ಮ ಭ್ರಮೆ. ದೂರ ಇಟ್ಟಿರೋದು ಲೆಕ್ಕದಿಂದ ಮಾತ್ರ.

“ಸಣ್ಣ ಮಕ್ಕಳ ತಲಿಗೆ ಯಾಕ್ರೀ ಈ ಚಿಂತಿ, ಓದ್ಲಿ ಬಿಡ್ರಿ” ಅಂತಾರೆ ಹಿರಿಯರು. ಆ ಮಾತಿನ ಹಿಂದಿರೋ ಪ್ರೀತಿ ನನಗೆ ಅರ್ಥ ಆಗುತ್ತೆ. ಆದರೆ ನೋಡಿ, ರಾತ್ರಿ ಅಪ್ಪ-ಅವ್ವ ಪಿಸುಮಾತಲ್ಲಿ ಜಗಳ ಆಡೋದು ಮಗುವಿಗೆ ಕೇಳಿಸುತ್ತೆ. ಕಿವಿಯೋಲೆ ಕಾಣಿಸ್ತಿಲ್ಲ ಅನ್ನೋದು ಗೊತ್ತಾಗುತ್ತೆ. ಎಷ್ಟು ಸಾಲ, ಯಾವಾಗ ತೀರುತ್ತೆ ಅನ್ನೋದು ಮಾತ್ರ ಗೊತ್ತಾಗಲ್ಲ. ಲೆಕ್ಕ ಇಲ್ಲದ ಸಾಲ ಮಗುವಿನ ತಲೆಯಲ್ಲಿ ದೆವ್ವದ ಹಾಗೆ ಬೆಳೆಯುತ್ತೆ. ‘ನಲವತ್ತು ಸಾವಿರ ಇದೆ, ಇನ್ನು ಹದಿನಾಲ್ಕು ಕಂತು ಬಾಕಿ’ ಅಂತ ಹೇಳಿ ನೋಡಿ, ಅದು ದೆವ್ವ ಆಗಿ ಉಳಿಯಲ್ಲ, ಒಂದು ಸಂಖ್ಯೆ ಆಗುತ್ತೆ. ಸಂಖ್ಯೆಯನ್ನ ಕಳೆಯಬಹುದು.

ಹೇಳೋದು ಬೇರೆ, ಹೊರಿಸೋದು ಬೇರೆ. ಇದು ಸ್ಪಷ್ಟ ಇರಲಿ. 1872ರ ಭಾರತೀಯ ಕರಾರು ಕಾಯ್ದೆ ಪ್ರಕಾರ 18 ವರ್ಷ ತುಂಬದವರು ಕರಾರಿಗೆ ಅರ್ಹರೇ ಅಲ್ಲ. ಅಪ್ರಾಪ್ತ ವಯಸ್ಕ ಮಾಡಿಕೊಂಡ ಸಾಲದ ಕರಾರು ಮೊದಲಿನಿಂದಲೇ ಅಸಿಂಧು ಅಂತ 1903ರಲ್ಲೇ ಪ್ರಿವಿ ಕೌನ್ಸಿಲ್ ತೀರ್ಪು ಕೊಟ್ಟಿದೆ. ಮಗುವನ್ನ ಬಾಗಿಲಲ್ಲಿ ನಿಲ್ಲಿಸಿಕೊಂಡು “ನಿಮ್ಮವ್ವನ ಕಂತು ನೀನು ಕೊಡು” ಅಂತ ಕೇಳೋ ಹಕ್ಕು ಯಾರಿಗೂ ಇಲ್ಲ. ಇನ್ನೊಂದು ಸೂಕ್ಷ್ಮ ನೋಡಿ. 10 ವರ್ಷ ತುಂಬಿದ ಮಗು ತಾನೇ ಉಳಿತಾಯ ಖಾತೆ ತೆರೆದು ನಡೆಸೋಕೆ ಬ್ಯಾಂಕುಗಳು ಅವಕಾಶ ಕೊಡಬಹುದು ಅಂತ ರಿಸರ್ವ್ ಬ್ಯಾಂಕ್ ಹೇಳುತ್ತೆ. 2025ರ ಏಪ್ರಿಲ್‌ನಲ್ಲಿ ಆ ನಿಯಮಗಳನ್ನ ಹೊಸದಾಗಿ ಹೊರಡಿಸಿತು. ಆದರೆ ಆ ಖಾತೆಯಲ್ಲಿ ಇದ್ದದ್ದಕ್ಕಿಂತ ಒಂದು ರೂಪಾಯಿ ಹೆಚ್ಚು ತೆಗೆಯೋ ಹಾಗಿಲ್ಲ. ಅಂದರೆ ಹತ್ತು ವರ್ಷಕ್ಕೆ ಉಳಿತಾಯ ಶುರು ಮಾಡಬಹುದು, ಸಾಲಕ್ಕೆ ಹದಿನೆಂಟು ತುಂಬಬೇಕು. ನಡುವೆ ಎಂಟು ವರ್ಷ ಇದೆ. ಆ ಎಂಟು ವರ್ಷ ಕಲಿಯೋ ಕಾಲ. ನಾವು ಕಲಿಸ್ತಿದ್ದೀವಾ?

ಕಲಿಸೋದೇನು ಅಂದರೆ ಗಾದೆ. ‘ಹಾಸಿಗೆ ಇದ್ದಷ್ಟು ಕಾಲು ಚಾಚು.’ ‘ಸಾಲವೇ ಶೂಲ.’ ಇದೇ ಹಾವೇರಿ ಜಿಲ್ಲೆ ನಮ್ಮವನು ಅಂತ ಹೆಮ್ಮೆ ಪಡೋ ಸರ್ವಜ್ಞ, ಸಾಲ ತರೋವಾಗಿನ ಸುಖ ಮತ್ತು ತೀರಿಸೋವಾಗಿನ ಸಂಕಟದ ಬಗ್ಗೆ ಹೇಳಿದ ತ್ರಿಪದಿ ಶಾಲೆಗೆ ಹೋದ ಪ್ರತಿ ಮಗುವಿಗೂ ಬಾಯಿಪಾಠ. ಒಳ್ಳೆಯದೇ. ಆದರೆ ಕರ್ಜಗಿಯ ಎರಡೆಕರೆ ರೈತನಿಗೆ ‘ಸಾಲ ಮಾಡಬೇಡ’ ಅಂದರೆ ‘ಬಿತ್ತಬೇಡ’ ಅಂದ ಹಾಗೆ. ಸಾಲ ಪಾಪ ಅಲ್ಲ, ಅದೊಂದು ಉಪಕರಣ. ಕುಡಗೋಲು ಇದ್ದ ಹಾಗೆ. ಹಿಡಿಯೋದು ಗೊತ್ತಿದ್ದರೆ ಬೆಳೆ ಕೊಯ್ಯುತ್ತೆ, ಗೊತ್ತಿಲ್ಲದಿದ್ದರೆ ಕೈ.

ಇದನ್ನ ನಮ್ಮ ಭಾಗದವರು ನೂರಿಪ್ಪತ್ತು ವರ್ಷದ ಹಿಂದೆಯೇ ತೋರಿಸಿಕೊಟ್ಟಿದ್ದಾರೆ. ಹಾವೇರಿಯ ಪಕ್ಕದ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂದು ಒಂದೇ ವರ್ಷ ಆಗಿತ್ತು. ‘ಪತ್ತು’ ಅನ್ನೋ ಪದ ಗಮನಿಸಿ. ಸಾಲದ ಸಂಘ ಅನ್ನಲಿಲ್ಲ, ಪತ್ತಿನ ಸಂಘ ಅಂದರು. ಪತ್ತು ಅಂದರೆ ನಂಬಿಕೆ. ಊರವರು ಒಬ್ಬರನ್ನೊಬ್ಬರು ಬಲ್ಲವರು, ಯಾರು ಯಾಕೆ ಸಾಲ ಕೇಳ್ತಿದ್ದಾರೆ ಅನ್ನೋದು ಎಲ್ಲರಿಗೂ ಗೊತ್ತು, ಲೆಕ್ಕ ಎಲ್ಲರ ಮುಂದೆ. ಸಾಲ ಬಚ್ಚಿಡೋ ವಿಷಯ ಆಗಿರಲಿಲ್ಲ. ಇವತ್ತಿಗೂ ರಾಜ್ಯದಲ್ಲಿ ಸಹಕಾರ ಸಂಘದ ಮೂಲಕ 5 ಲಕ್ಷ ರೂಪಾಯಿವರೆಗೆ ಅಲ್ಪಾವಧಿ ಬೆಳೆಸಾಲ ಶೂನ್ಯ ಬಡ್ಡಿಗೆ ಸಿಗುತ್ತೆ, ಅವಧಿಯೊಳಗೆ ಕಟ್ಟಿದರೆ. ಅದೇ ಊರಲ್ಲಿ ಅದೇ ರೈತ ನೂರಕ್ಕೆ ಐದು ರೂಪಾಯಿ ಬಡ್ಡಿಗೂ ಸಾಲ ತರ್ತಾನೆ. ಎರಡರ ಹೆಸರೂ ಸಾಲವೇ. ಎರಡರ ನಡುವಿನ ಅಂತರ ಮಗುವಿಗೆ ಗೊತ್ತಿರಬೇಕಲ್ವಾ?

ಬನ್ನಿ, ಈಗ ಲೆಕ್ಕಕ್ಕೆ ಬರೋಣ. ಮಕ್ಕಳು ನೋಡ್ತಿದ್ದರೆ ಪೆನ್ನು, ಹಾಳೆ ತಗೊಳ್ಳಿ.

ಮೊದಲನೆಯದು. ‘ಐದು ರೂಪಾಯಿ ಬಡ್ಡಿ’ ಅಂದರೆ ಕೇಳೋಕೆ ಸಣ್ಣದು. ಅದು ನೂರಕ್ಕೆ, ತಿಂಗಳಿಗೆ. 10,000 ರೂಪಾಯಿಗೆ ತಿಂಗಳಿಗೆ 500. ವರ್ಷಕ್ಕೆ 6,000. ಅಂದರೆ ವರ್ಷಕ್ಕೆ ಶೇಕಡಾ 60! ಆರು ಸಾವಿರ ಕಟ್ಟಿದ ಮೇಲೂ ಅಸಲು ಹತ್ತು ಸಾವಿರ ಹಾಗೇ ಕೂತಿರುತ್ತೆ.

ಎರಡನೆಯದು ಸ್ವಲ್ಪ ಜಾಣತನದ ಲೆಕ್ಕ. 40,000 ಸಾಲ, 24 ತಿಂಗಳು, ‘ಫ್ಲಾಟ್ ಶೇಕಡಾ 12’ ಅಂತಾರೆ. ವರ್ಷಕ್ಕೆ 4,800, ಎರಡು ವರ್ಷಕ್ಕೆ 9,600 ಬಡ್ಡಿ. ಒಟ್ಟು 49,600. ತಿಂಗಳಿಗೆ ಸುಮಾರು 2,067 ರೂಪಾಯಿ ಕಂತು. ಸರಿ ಅನಿಸುತ್ತೆ. ಆದರೆ ಯೋಚನೆ ಮಾಡಿ, ಪ್ರತಿ ತಿಂಗಳೂ ನೀವು ಅಸಲು ವಾಪಸ್ ಕೊಡ್ತಾನೇ ಇದ್ದೀರಿ. ಒಂದು ವರ್ಷ ಕಳೆಯೋ ಹೊತ್ತಿಗೆ ನಿಮ್ಮ ಹತ್ತಿರ ಉಳಿದಿರೋದು ಹೆಚ್ಚುಕಡಿಮೆ ಅರ್ಧ ಹಣ. ಬಡ್ಡಿ ಮಾತ್ರ ಪೂರ್ತಿ ನಲವತ್ತು ಸಾವಿರಕ್ಕೇ ನಡೀತಿದೆ! ಉಳಿದ ಬಾಕಿಗೆ ಮಾತ್ರ ಬಡ್ಡಿ ಹಾಕೋ ಪದ್ಧತಿಯಲ್ಲಿ ಅದೇ ಶೇಕಡಾ 12ಕ್ಕೆ ಕಂತು ಸುಮಾರು 1,883, ಒಟ್ಟು ಬಡ್ಡಿ ಸುಮಾರು 5,190. ಒಂದೇ ‘ಹನ್ನೆರಡು’, ವ್ಯತ್ಯಾಸ 4,400 ರೂಪಾಯಿ. ಆ ‘ಫ್ಲಾಟ್ 12’ರ ನಿಜವಾದ ಬಡ್ಡಿ ವರ್ಷಕ್ಕೆ ಸುಮಾರು ಶೇಕಡಾ 21.6.

ಸರಳ ಬಡ್ಡಿ ಏಳನೇ ತರಗತಿಯಲ್ಲಿದೆ, ಚಕ್ರಬಡ್ಡಿ ಎಂಟನೇ ತರಗತಿಯಲ್ಲಿದೆ. ಎಸ್ಸೆಸ್ಸೆಲ್ಸಿ ಸಮಾಜ ವಿಜ್ಞಾನದಲ್ಲಿ ಬ್ಯಾಂಕ್ ವ್ಯವಹಾರದ ಪಾಠವೂ ಇದೆ. ಮಕ್ಕಳು ಸೂತ್ರ ಬರೀತಾರೆ, ಅಂಕ ತಗೋತಾರೆ. ಆದರೆ ಆ ಸೂತ್ರ ಮನೆಯ ಗೂಡಿನಲ್ಲಿರೋ ಕಂತಿನ ಕಾರ್ಡಿಗೆ ಸಂಬಂಧಪಟ್ಟಿದ್ದು ಅಂತ ಅವರಿಗೆ ಹೇಳೋರೇ ಇಲ್ಲ. ನಾನು ಓದಿದ್ದು ಇಂಜಿನಿಯರಿಂಗ್. ನಾಲ್ಕು ವರ್ಷದಲ್ಲಿ ಎಂಥೆಂಥಾ ಸಮೀಕರಣ ಬಿಡಿಸಿದೆವು! ಒಂದು ದಿನವೂ ಯಾರೂ ಒಂದು ಸಾಲದ ಕಾಗದ ಮುಂದಿಟ್ಟು ‘ಇದರ ನಿಜವಾದ ಬಡ್ಡಿ ಎಷ್ಟು ಹೇಳಿ’ ಅಂತ ಕೇಳಲಿಲ್ಲ.

ಮೂರನೆಯ ಲೆಕ್ಕ ಬಡ್ಡಿಯದ್ದಲ್ಲ, ಕ್ಯಾಲೆಂಡರಿನದ್ದು. ಮೆಣಸಿನಕಾಯಿ ದುಡ್ಡು ಬರೋದು ವರ್ಷಕ್ಕೊಮ್ಮೆ. ಗೋವಿನಜೋಳದ ದುಡ್ಡು ಬರೋದು ಕೊಯ್ಲಾದ ಮೇಲೆ. ಕಂತು ಬರೋದು ಮಾತ್ರ ವಾರ ವಾರ, ತಿಂಗಳು ತಿಂಗಳು. ಅದೂ ಬೆಳೆ ಕೈಗೆ ಬಂದರೆ, ದರ ಸಿಕ್ಕರೆ. 2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಕುಸಿದಾಗ ರೈತರ ಸಿಟ್ಟು ಎಪಿಎಂಸಿ ಕಚೇರಿಗೆ, ವಾಹನಗಳಿಗೆ ಬೆಂಕಿ ಹಚ್ಚೋವರೆಗೆ ಹೋಯಿತು. ಆ ಬೆಂಕಿಯನ್ನ ನಾನು ಸಮರ್ಥಿಸಲ್ಲ. ಆದರೆ ಒಂದು ಪಾಠ ಅಲ್ಲಿದೆ. ಆದಾಯ ಒಂದೇ ದಿನದಲ್ಲಿ ಬೀಳಬಹುದು, ಕಂತು ಬೀಳಲ್ಲ. ಸಾಲ ಮಾಡೋ ಮೊದಲು ಕೇಳಬೇಕಾದ ಪ್ರಶ್ನೆ ‘ಎಷ್ಟು ಕೊಡ್ತೀರಿ’ ಅನ್ನೋದಲ್ಲ, ‘ನಮಗೆ ದುಡ್ಡು ಬರೋ ತಿಂಗಳು ಯಾವುದು, ನೀವು ಕೇಳೋ ತಿಂಗಳು ಯಾವುದು’ ಅನ್ನೋದು. ಹನ್ನೆರಡು ವರ್ಷದ ಮಗು ಕೂಡ ಕ್ಯಾಲೆಂಡರ್ ನೋಡಿ ಇದನ್ನ ಹೇಳಬಲ್ಲದು.

ಇನ್ನು ದೊಡ್ಡ ಮಕ್ಕಳ ಕಡೆ ಬರೋಣ. ಪಿಯುಸಿ, ಡಿಗ್ರಿ, ಐಟಿಐ ಹುಡುಗರು. ಹದಿನೆಂಟು ತುಂಬಿದ ಮರುದಿನವೇ ನೀವು ಕಂಪನಿಗಳ ಕಣ್ಣಿಗೆ ಗಿರಾಕಿ. ಮೊದಲ ಸಾಲ ಸಾಮಾನ್ಯವಾಗಿ ಮೊಬೈಲ್ ಫೋನಿಂದು. ‘ಜೀರೋ ಡೌನ್ ಪೇಮೆಂಟ್, ತಿಂಗಳಿಗೆ ಬರೀ 1,500’ ಅಂತಾರೆ. ಬರೀ ಅನ್ನೋ ಪದ ಅಂಗಡಿಯವನದು, 1,500 ನಿಮ್ಮದು. ಆ ಕಂತು ತಪ್ಪಿದರೆ ನಿಮ್ಮ ಕ್ರೆಡಿಟ್ ವರದಿಯಲ್ಲಿ ದಾಖಲಾಗುತ್ತೆ. ಕ್ರೆಡಿಟ್ ಸ್ಕೋರ್ ಅಂದರೆ 300ರಿಂದ 900ರವರೆಗಿನ ಒಂದು ಸಂಖ್ಯೆ. ನಾಳೆ ಟ್ರ್ಯಾಕ್ಟರ್ ಸಾಲಕ್ಕೋ ಮನೆ ಸಾಲಕ್ಕೋ ಹೋದಾಗ ಮ್ಯಾನೇಜರ್ ನಿಮ್ಮ ಮುಖಕ್ಕಿಂತ ಮೊದಲು ಅದನ್ನ ನೋಡ್ತಾರೆ. ವರ್ಷಕ್ಕೊಮ್ಮೆ ಈ ವರದಿಯನ್ನ ಉಚಿತವಾಗಿ ತರಿಸಿಕೊಳ್ಳಬಹುದು. ತರಿಸಿ ಓದಿ, ನಿಮ್ಮ ಹೆಸರಲ್ಲಿ ನಿಮಗೇ ಗೊತ್ತಿಲ್ಲದ ಸಾಲ ಇದೆಯಾ ಅಂತ.

ಯಾಕಂದರೆ ಗೆಳೆತನದಲ್ಲಿ ಇನ್ನೊಂದು ನಡೆಯುತ್ತೆ. “ದೋಸ್ತ, ನಿನ್ನ ಆಧಾರ್ ಕೊಡು, ನಿನ್ನ ಹೆಸರಲೆ ಫೋನ್ ತಗೊಂತೀನಿ, ಕಂತು ನಾನ ಕಟ್ತೀನಿ.” ಕಾಗದದಲ್ಲಿ ದೋಸ್ತ ಇಲ್ಲ, ನೀವು ಮಾತ್ರ ಇದ್ದೀರಿ. ಜಾಮೀನು ಸಹಿಯೂ ಹಾಗೇ. ಸಾಲಗಾರನಿಗೆ ಎಷ್ಟು ಹೊಣೆಯೋ ಸಾಮಾನ್ಯವಾಗಿ ಜಾಮೀನುದಾರನಿಗೂ ಅಷ್ಟೇ ಹೊಣೆ. ‘ಸುಮ್ನೆ ಒಂದು ಸಹಿ’ ಅನ್ನೋದು ಜಗತ್ತಲ್ಲಿ ಎಲ್ಲೂ ಇಲ್ಲ. ಇನ್ನು ‘ನಿನ್ನ ಬ್ಯಾಂಕ್ ಖಾತೆ ಒಂದು ತಿಂಗಳು ಬಾಡಿಗೆಗೆ ಕೊಡು, ಐದು ಸಾವಿರ ಕೊಡ್ತೀನಿ’ ಅಂತ ಯಾರಾದರೂ ಕೇಳಿದರೆ, ಅದು ಕದ್ದ ದುಡ್ಡು ದಾಟಿಸೋ ದಾರಿ. ಪೊಲೀಸರು ಮೊದಲು ಬರೋದು ಖಾತೆದಾರನ ಮನೆಗೆ.

ಹಾಗಾದರೆ ಮಾಡೋದೇನು? ನಾನು ದೊಡ್ಡ ಯೋಜನೆ ಹೇಳಲ್ಲ. ಮೂರೇ ಮಾತು.

ಒಂದು, ಮನೆಯಲ್ಲಿ. ಒಂದು ನೋಟ್‌ಬುಕ್ ಇಡಿ. ತಿಂಗಳಿಗೊಮ್ಮೆ ಊಟ ಆದ ಮೇಲೆ ಎಲ್ಲರೂ ಕೂತು ಬರೆಯಿರಿ. ಬಂದದ್ದು ಎಷ್ಟು, ಹೋದದ್ದು ಎಷ್ಟು, ಯಾರಿಗೆ ಎಷ್ಟು ಬಾಕಿ, ಎಷ್ಟು ಕಂತು ಉಳಿದಿದೆ. ಬರೆಯೋ ಕೆಲಸ ಮಗುವಿಗೆ ಕೊಡಿ. ಕಿರಾಣಿ ಅಂಗಡಿಯ ಉದ್ರಿಯೂ ಅದರಲ್ಲಿರಲಿ, ಅಪ್ಪನ ಗುಟ್ಕಾದ ದುಡ್ಡೂ ಅದರಲ್ಲಿರಲಿ. ಅಪ್ಪಂದಿರಿಗೆ ಕಷ್ಟ ಆಗುತ್ತೆ, ಗೊತ್ತು. ಆದರೆ ಮದುವೆಗೆ, ಜಾತ್ರೆಗೆ ಸಾಲ ಮಾಡೋ ನಿರ್ಧಾರ ಆ ನೋಟ್‌ಬುಕ್ ಮುಂದೆ ಆಗಲಿ. ‘ಬೇಡ’ ಅಂತ ಮಗುವಿಗೆ ಬರೀ ಬಾಯಲ್ಲಿ ಹೇಳಿದರೆ ಅಳುತ್ತೆ. ಲೆಕ್ಕ ತೋರಿಸಿ ಹೇಳಿದರೆ ಅದಕ್ಕೂ ಅರ್ಥ ಆಗುತ್ತೆ.

ಎರಡು, ಶಾಲೆಯಲ್ಲಿ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಸಂತೆ ಅಂತ ಚಂದದ ಕಾರ್ಯಕ್ರಮ ಇದೆ. ಮಕ್ಕಳು ಕೊತ್ತಂಬರಿ, ಮೆಂತ್ಯೆಸೊಪ್ಪು, ಮಂಡಕ್ಕಿ ತಂದು ಮಾರ್ತಾರೆ. ಗುರುಗಳೇ, ಅಕ್ಕೋರೇ, ಆ ಸಂತೆಯಲ್ಲಿ ಒಂದು ಟೇಬಲ್ ಹೆಚ್ಚಿಗೆ ಹಾಕಿ. ಬಂಡವಾಳ ಇಲ್ಲದ ಮಗುವಿಗೆ ಅಲ್ಲಿ ನೂರು ರೂಪಾಯಿ ಸಾಲ ಸಿಗಲಿ. ನಿಜವಾದ ದುಡ್ಡು ಬೇಡ, ಚೀಟಿ ಸಾಕು. ಚೀಟಿಯಲ್ಲಿ ಬಡ್ಡಿ ಬರೆಯಿರಿ, ಅವಧಿ ಬರೆಯಿರಿ. ಸಂಜೆ ಲೆಕ್ಕ ಹಾಕಿಸಿ. ಮಾರಿ ಬಂದ ಲಾಭ ಬಡ್ಡಿಗಿಂತ ಹೆಚ್ಚಾಯಿತಾ? ಸೊಪ್ಪು ಬಾಡಿ ಉಳಿದಿದ್ದರೆ ಏನಾಯಿತು? ತನ್ನ ಕಂತು ತಾನು ಹುಟ್ಟಿಸೋ ಸಾಲ ಯಾವುದು, ಮನೆ ತಿನ್ನೋ ಸಾಲ ಯಾವುದು ಅನ್ನೋದು ಆ ಒಂದು ಸಂಜೆಯಲ್ಲಿ ತಿಳಿಯುತ್ತೆ. ಅಷ್ಟು ಯಾವ ಭಾಷಣದಲ್ಲೂ ತಿಳಿಯಲ್ಲ, ನನ್ನ ಭಾಷಣವೂ ಸೇರಿದ ಹಾಗೆ.

ಮೂರು, ಹಕ್ಕಿನ ಪಾಠ. ಜವಾಬ್ದಾರಿ ಅನ್ನೋದು ಸಾಲ ತಗೊಂಡವನಿಗೆ ಮಾತ್ರ ಇರೋದಲ್ಲ, ಕೊಟ್ಟವನಿಗೂ ಇದೆ. 2022ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಕಿರುಸಾಲಕ್ಕೆ ನಿಯಮ ಮಾಡಿದೆ. ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರೋ ಮನೆಗೆ ಅಡಮಾನ ಇಲ್ಲದೆ ಕೊಡೋ ಸಾಲ ಅದು. ಆ ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ತಿಂಗಳಿಗೆ 12,000 ಬರೋ ಮನೆಗೆ ಎಲ್ಲ ಕಂತೂ ಸೇರಿ 6,000ಕ್ಕಿಂತ ಹೆಚ್ಚಾಗೋ ಹಾಗಿಲ್ಲ. ಬೆಳಿಗ್ಗೆ 9ಕ್ಕಿಂತ ಮೊದಲು, ಸಂಜೆ 6ರ ನಂತರ ವಸೂಲಿಗೆ ಕರೆ ಮಾಡೋ ಹಾಗಿಲ್ಲ. ಕಂತು ಕಟ್ಟೋದು ಇಬ್ಬರೂ ಒಪ್ಪಿದ ಜಾಗದಲ್ಲಿ. ಸತತ ಎರಡು ಸಲ ಅಲ್ಲಿಗೆ ಬರದಿದ್ದರೆ ಮಾತ್ರ ಮನೆಗೆ ಬರಬಹುದು. ಬೈಯೋ ಹಾಗಿಲ್ಲ, ಬೆದರಿಸೋ ಹಾಗಿಲ್ಲ. ಬಡ್ಡಿ, ಶುಲ್ಕ ಎಲ್ಲ ಬರೆದ ಹಾಳೆಯನ್ನ ಸಾಲಗಾರರಿಗೆ ಅರ್ಥವಾಗೋ ಭಾಷೆಯಲ್ಲಿ ಕೊಡಬೇಕು. ನಮಗೆ ಅದು ಕನ್ನಡ. 2024ರ ಅಕ್ಟೋಬರ್ 1ರಿಂದ ಬ್ಯಾಂಕು, ಫೈನಾನ್ಸ್ ಕಂಪನಿಗಳು ಕೊಡೋ ಎಲ್ಲ ವೈಯಕ್ತಿಕ ಸಾಲಗಳಿಗೂ ಇಂಥ ಮುಖ್ಯ ಮಾಹಿತಿ ಪತ್ರ ಕಡ್ಡಾಯ. ಎಲ್ಲ ಖರ್ಚು ಸೇರಿಸಿದ ವಾರ್ಷಿಕ ದರ ಅದರಲ್ಲಿರಬೇಕು. ಫ್ಲಾಟ್ ಹನ್ನೆರಡರ ಆಟ ಆ ಒಂದು ಸಾಲಿನಲ್ಲಿ ಬಯಲಾಗುತ್ತೆ. ಮಕ್ಕಳೇ, ಓಟಿಪಿ ಹೇಳೋ ಮೊದಲು ಆ ಸಾಲನ್ನ ಅವ್ವನಿಗೆ ಓದಿ ಹೇಳಿ. ಕಂಪನಿಯಿಂದ ದೂರು ಬಗೆಹರಿಯದಿದ್ದರೆ ರಿಸರ್ವ್ ಬ್ಯಾಂಕಿನ ಸಹಾಯವಾಣಿ 14448 ಇದೆ. ಆನ್‌ಲೈನ್ ವಂಚನೆ ಆದರೆ ತಕ್ಷಣ 1930. ಬೆದರಿಕೆ ಹಾಕಿದರೆ ಪೊಲೀಸ್ ಠಾಣೆ. ಆ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಈ ನಂಬರ್ ಬರೆದಿಡಿ.

ಕೆಲವರು ಹೇಳಬಹುದು, ಹಕ್ಕು ಕಲಿಸಿದರೆ ಮಕ್ಕಳು ಸಾಲ ಮುಳುಗಿಸೋದು ಕಲೀತಾರೆ ಅಂತ. ನನಗೆ ಹಾಗನಿಸಲ್ಲ. ತೀರಿಸೋಕೆ ಆಗುತ್ತೆ ಅನ್ನೋ ಲೆಕ್ಕ ಕಣ್ಣಿಗೆ ಕಂಡವನು ಓಡಿಹೋಗಲ್ಲ. ಓಡೋದು ಲೆಕ್ಕ ತಪ್ಪಿದವನು, ಮುಖ ತೋರಿಸೋಕೆ ನಾಚಿಕೆ ಆದವನು. ಕಷ್ಟದ ತಿಂಗಳಲ್ಲಿ ಕಂತಿನ ಮೀಟಿಂಗಿಗೆ ತಾನೇ ಹೋಗಿ ‘ಈ ತಿಂಗಳು ಆಗಲ್ಲ, ಬೆಳೆ ಬಂದ ಮೇಲೆ ಇಷ್ಟು ಕಟ್ತೀನಿ, ಬರೆದುಕೊಳ್ಳಿ’ ಅಂತ ಹೇಳೋಕೆ ಧೈರ್ಯ ಬೇಕು. ಆ ಧೈರ್ಯ ಬರೋದು ಕೈಯಲ್ಲಿ ಲೆಕ್ಕ ಇದ್ದಾಗ. ಅಪ್ಪ-ಅವ್ವ ಹಾಗೆ ನಿಂತು ಮಾತಾಡೋದನ್ನ ನೋಡಿ ಬೆಳೆದ ಮಗು ಹದಿನೆಂಟಕ್ಕೆ ಸಾಲದ ಕಾಗದ ಕೈಗೆ ಬಂದಾಗ ಮೊದಲು ಓದುತ್ತೆ, ಆಮೇಲೆ ಸಹಿ ಮಾಡುತ್ತೆ. ಕಣಗಿನಹಾಳದವರು ಪತ್ತು ಅಂದದ್ದು ಇದಕ್ಕೇ.

ನಾಳೆ ಅಂಗಡಿಯಿಂದ ಬರೋವಾಗ ಒಂದು ನೋಟ್‌ಬುಕ್ ತನ್ನಿ. ಅದನ್ನ ಉದ್ರಿ ತರಬೇಡಿ!